ಇರುವೆ ಗೂಡಿನಲ್ಲಿ ಮೊಟ್ಟೆಯಿಡುವ ಮರಕುಟಿಗ

ಹೂಮಳೆ ಬಿದ್ದು ಒಂದೆರಡು ವಾರ ಕಳೆಯುವಷ್ಟರಲ್ಲಿ ಮಲೆನಾಡಿನ ಕಾಫಿ ತೋಟಗಳಲ್ಲಿ ಗದ್ದಲ ಹೆಚ್ಚುತ್ತದೆ. ಹೂವಿಗೆ ಮುತ್ತಿದ ಜೇನುಹುಳು, ಹಾಲುವಾಣದ ಕೊಂಬೆಯಲ್ಲಿ ಜಗಳಕ್ಕೆ ಬಿದ್ದ ಪಿಕಳಾರ, ಪಕ್ಕದ ತೋಟದಲ್ಲಿ ತಿರುಗುವ ಸ್ಪ್ರಿಂಕ್ಲರ್‌ನ ಚಟಚಟ. ಇಷ್ಟೆಲ್ಲದರ ನಡುವೆ ನೆರಳಿನ ಮರವೊಂದರ ಕವಲಿನಲ್ಲಿ ಕಪ್ಪುಗಂದು ಬಣ್ಣದ ದೊಡ್ಡ ಮುದ್ದೆಯೊಂದು ಅಂಟಿಕೊಂಡಿರುತ್ತದೆ. ಜೇನುಗೂಡಲ್ಲ, ಗೆದ್ದಲ ಮಣ್ಣೂ ಅಲ್ಲ. ಅದು ಏನೆಂದು ತೋಟದ ಆಳುಗಳಿಗೆ ಚೆನ್ನಾಗಿ ಗೊತ್ತು. ಆ ಮರಕ್ಕೆ ಏಣಿ ಇಟ್ಟರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮೈತುಂಬ ಇರುವೆ.

ಅಂಥ ಮುದ್ದೆಯ ಮೇಲೆ ಕೆಂಪುಗಂದು ಹಕ್ಕಿಯೊಂದು ಬಂದು ಕಚ್ಚಿ ಕೂರುತ್ತದೆ. ಕೊಕ್ಕಿನಿಂದ ಎರಡು ಏಟು ಹಾಕುತ್ತದೆ. ಇರುವೆಗಳು ಹೊಟ್ಟೆ ಮೇಲೆತ್ತಿಕೊಂಡು ಹೊರಗೆ ನುಗ್ಗುತ್ತವೆ. ಹಕ್ಕಿ ಹೆದರಿ ಹಾರುವುದಿಲ್ಲ. ಒಂದಷ್ಟನ್ನು ನೆಕ್ಕಿ ನುಂಗಿ, ಮುದ್ದೆಯ ಪಕ್ಕದಲ್ಲಿರುವ ದುಂಡನೆಯ ತೂತಿಗೆ ತಲೆ ತೂರಿಸಿ ಬಾಲದ ಸಮೇತ ಒಳಗೆ ಹೋಗಿಬಿಡುತ್ತದೆ. ಸಾವಿರಾರು ಇರುವೆಗಳು ಸಂಸಾರ ಹೂಡಿರುವ ಆ ಗೂಡಿನ ಮಧ್ಯದಲ್ಲೇ ಅದರ ಮೊಟ್ಟೆಗಳಿವೆ.

ಇದು ಕಂದು ಮರಕುಟಿಗ. ವಿಜ್ಞಾನದ ಪುಸ್ತಕಗಳಲ್ಲಿ ಮೈಕ್ರೋಪ್ಟರ್ನಸ್ ಬ್ರಾಕಿಯುರಸ್. ಮರಕುಟಿಗ ಎಂದೊಡನೆ ಮರ ಕೊರೆಯುವ ಹಕ್ಕಿ ಎಂದು ನಾವೆಲ್ಲ ಓದಿದ್ದೇವೆ. ಈ ಹಕ್ಕಿಯ ಬದುಕು ಮಾತ್ರ ಮರಕ್ಕಿಂತ ಹೆಚ್ಚಾಗಿ ಇರುವೆಯ ಮೇಲೆ ನಿಂತಿದೆ. ಅದರ ಊಟ, ಮನೆ, ಮೈಯ ವಾಸನೆ, ಕೊಕ್ಕಿನ ಆಕಾರ, ಮರಿ ಮಾಡುವ ಕಾಲ, ಎಲ್ಲಕ್ಕೂ ಇರುವೆಯೇ ಲೆಕ್ಕ. ಹಾಗಾಗಿ ಈ ಹಕ್ಕಿಯನ್ನು ಅರಿಯಬೇಕಾದರೆ ಜೊತೆಯಲ್ಲೇ ಇರುವೆಯನ್ನೂ ಅರಿಯಬೇಕು.

ಬೆಡಗಿಲ್ಲದ ಹಕ್ಕಿ

ಮರಕುಟಿಗಗಳಲ್ಲಿ ಬಣ್ಣದ ಆಡಂಬರಕ್ಕೆ ಬರವಿಲ್ಲ. ಊರ ಹೊರಗಿನ ತೆಂಗಿನ ತೋಟಗಳಲ್ಲೂ ಕಾಣುವ ಹೊನ್ನಬೆನ್ನಿನ ಮರಕುಟಿಗಕ್ಕೆ ಬಂಗಾರದ ಬೆನ್ನು, ಕೆಂಪು ಜುಟ್ಟು. ಪಶ್ಚಿಮಘಟ್ಟದ ಅತಿ ದೊಡ್ಡ ಮರಕುಟಿಗ ಕಾಗೆಗಿಂತ ಉದ್ದ, ಸುಮಾರು 48 ಸೆಂಟಿಮೀಟರ್. ಕಡುಗಪ್ಪು ಮೈ, ಬಿಳಿ ಹೊಟ್ಟೆ, ನೆತ್ತಿಯಲ್ಲಿ ಕೆಂಪು. ಇವುಗಳ ಪಕ್ಕದಲ್ಲಿ ಕಂದು ಮರಕುಟಿಗ ತೀರಾ ಸಾದಾ.

ಉದ್ದ ಸುಮಾರು 25 ಸೆಂಟಿಮೀಟರ್, ಮೈನಾಕ್ಕಿಂತ ತುಸು ದೊಡ್ಡದು. ತೂಕ 100 ಗ್ರಾಂ ಆಸುಪಾಸು. ಮೈಯೆಲ್ಲ ಕೆಂಪು ಬೆರೆತ ಕಂದು. ರೆಕ್ಕೆಗೂ ಬಾಲಕ್ಕೂ ಅಡ್ಡಡ್ಡ ಕಪ್ಪು ಪಟ್ಟೆಗಳು. ತಲೆ ಮೈಗಿಂತ ಸ್ವಲ್ಪ ತಿಳಿ ಬಣ್ಣ. ಹಿಂದಕ್ಕೆ ಕೆದರಿದಂತಿರುವ ಗಿಡ್ಡ ಜುಟ್ಟು. ಕೊಕ್ಕು ಕಪ್ಪು, ಗಿಡ್ಡ, ತುದಿಯತ್ತ ತುಸು ಬಾಗಿದ್ದು. ಬಾಲವೂ ಗಿಡ್ಡ.

ಗಂಡು ಹೆಣ್ಣನ್ನು ಬೇರ್ಪಡಿಸುವ ಗುರುತು ಒಂದೇ. ಗಂಡಿನ ಕಣ್ಣಿನ ಕೆಳಗೆ ಕೆಂಪು ಗರಿಗಳ ಸಣ್ಣ ಮಚ್ಚೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ನೆರಳಿನಲ್ಲಿ ಅದೂ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬಿಸಿಲು ಕಡಿಮೆಯಿದ್ದಾಗ ದೂರದಿಂದ ನೋಡಿದವರು ಹರಟೆಮಲ್ಲನೋ ಏನೋ ಎಂದುಕೊಂಡು ಮುಂದೆ ಹೋಗುವುದುಂಟು. ಕಾಂಡಕ್ಕೆ ನೆಟ್ಟಗೆ ಅಂಟಿ ಕೂತಿದೆಯೇ, ಬಾಲವನ್ನು ಮರಕ್ಕೆ ಊರಿದೆಯೇ ಎಂದು ಗಮನಿಸಿದರೆ ಅನುಮಾನ ತೀರುತ್ತದೆ. ದಕ್ಷಿಣ ಭಾರತದಲ್ಲಿ ಮೈತುಂಬ ಕಂದು ಇರುವ ಮರಕುಟಿಗ ಬೇರೊಂದಿಲ್ಲ.

ಕುಟ್ಟುವ ಕುಲದ ಸಲಕರಣೆ

ಮರಕುಟಿಗಗಳ ಕುಟುಂಬ ದೊಡ್ಡದು. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಆಸ್ಟ್ರೇಲಿಯಾ, ನ್ಯೂಗಿನಿ, ಮಡಗಾಸ್ಕರ್ ಮತ್ತು ಅಂಟಾರ್ಕ್ಟಿಕಾ ಬಿಟ್ಟರೆ ಮರವಿರುವ ಬಹುತೇಕ ನೆಲಗಳಲ್ಲಿ ಇವು ಇವೆ. ನಮ್ಮ ರಾಜ್ಯದಲ್ಲೇ ಹತ್ತಕ್ಕೂ ಹೆಚ್ಚು ಬಗೆ ಕಾಣಸಿಗುತ್ತವೆ.

ಕುಟ್ಟುವ ಕಸುಬಿಗೆ ಬೇಕಾದ ಸಲಕರಣೆಗಳು ಈ ಕುಟುಂಬಕ್ಕೆ ಹುಟ್ಟಿನಿಂದಲೇ ಬಂದಿವೆ. ಹೆಚ್ಚಿನ ಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಮರಕುಟಿಗಗಳಲ್ಲಿ ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಚಾಚಿರುತ್ತವೆ. ನೆಟ್ಟಗಿನ ಕಾಂಡವನ್ನು ಕಚ್ಚಿ ಹಿಡಿಯಲು ಇದು ಅನುಕೂಲ. ಬಾಲದ ನಡುವಿನ ಗರಿಗಳು ಗಡುಸು. ಹಕ್ಕಿ ಅವನ್ನು ಮರಕ್ಕೆ ಒತ್ತಿ ಮೈಭಾರ ಹಂಚಿಕೊಳ್ಳುತ್ತದೆ.

ನಾಲಿಗೆಯಂತೂ ಇನ್ನೂ ವಿಚಿತ್ರ. ಅದನ್ನು ಹಿಡಿದಿರುವ ತೆಳು ಎಲುಬು ಗಂಟಲಿನಿಂದ ಹೊರಟು, ತಲೆಬುರುಡೆಯ ಹಿಂಬದಿಯಿಂದ ನೆತ್ತಿಯನ್ನು ಸುತ್ತಿ ಮುಂದೆ ಬರುತ್ತದೆ. ಕೊಕ್ಕು ಎಟುಕದ ಸಂದಿಗೂ ಅಂಟು ಜೊಲ್ಲಿನ ಆ ನಾಲಿಗೆ ಎಟುಕುತ್ತದೆ.

ದಿನವಿಡೀ ತಲೆ ಚಚ್ಚಿಕೊಂಡರೂ ಮಿದುಳಿಗೆ ಪೆಟ್ಟಾಗದು ಏಕೆ ಎಂಬ ಪ್ರಶ್ನೆ ಹಳೆಯದು. ತಲೆಬುರುಡೆಯೊಳಗಿನ ಸ್ಪಂಜಿನಂಥ ಎಲುಬು ಏಟನ್ನು ಹೀರಿಕೊಳ್ಳುತ್ತದೆ ಎಂದು ಬಹುಕಾಲ ಹೇಳಿಕೊಂಡು ಬಂದರು, ಶಾಲಾ ಪುಸ್ತಕಗಳಲ್ಲೂ ಅದೇ ಉತ್ತರ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತಲೆಕೆಳಗು ಮಾಡಿತು. ಮೂರು ಜಾತಿಯ ಮರಕುಟಿಗಗಳು ಕುಟ್ಟುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಲೆಕ್ಕ ಹಾಕಿದಾಗ, ಕೊಕ್ಕು ನಿಂತ ಗಳಿಗೆಯಲ್ಲೇ ತಲೆಯೂ ನಿಲ್ಲುವುದು ಕಂಡಿತು. ನಡುವೆ ಏಟನ್ನು ಹೀರುವ ಮೆತ್ತೆ ಯಾವುದೂ ಇಲ್ಲ. ಹೀರಿಕೊಂಡರೆ ಕುಟ್ಟುವ ಬಲವೇ ವ್ಯರ್ಥ. ಹಕ್ಕಿಯ ಮಿದುಳು ತೀರಾ ಸಣ್ಣದಾದ್ದರಿಂದ ಅಷ್ಟು ಏಟನ್ನು ಅದು ಸಹಿಸಿಕೊಳ್ಳುತ್ತದೆ ಎಂಬುದು ಆ ತಂಡ ಕೊಟ್ಟ ಉತ್ತರ.

ಕಂದು ಮರಕುಟಿಗಕ್ಕೆ ಈ ಸಲಕರಣೆಗಳೆಲ್ಲ ಇವೆ, ಆದರೆ ಬಡಗಿಯ ಬಲವಿಲ್ಲ. ಕೊಕ್ಕು ಗಿಡ್ಡ, ಹಿಂದಿನ ಎರಡು ಬೆರಳುಗಳಲ್ಲಿ ಒಂದು ತೀರಾ ಸಣ್ಣದು. ತೇಗ, ಮತ್ತಿಯಂಥ ಗಟ್ಟಿಮರದ ತಿರುಳು ಕೊರೆಯಲು ದೊಡ್ಡ ಮರಕುಟಿಗಗಳಿಗೆ ಇರುವ ಉಳಿಯಂಥ ಉದ್ದ ಕೊಕ್ಕು ಇದಕ್ಕಿಲ್ಲ. ಇದಕ್ಕೆ ಬೇಕಾದದ್ದು ಕೊರೆಯಲು ಸಲೀಸಾದ, ಒಳಗೆ ಊಟ ತುಂಬಿರುವ ವಸ್ತು. ಇರುವೆಗಳು ಅದನ್ನು ಕಟ್ಟಿ ಕೊಡುತ್ತವೆ.

ಹೊಟ್ಟೆ ಎತ್ತುವ ಇರುವೆ

ಮಲೆನಾಡಿನವರಿಗೆ ಚಗಳಿ ಇರುವೆ ಗೊತ್ತು. ಹಸಿ ಎಲೆಗಳನ್ನು ರೇಷ್ಮೆ ಎಳೆಯಿಂದ ಹೊಲಿದು ಗೂಡು ಮಾಡುವ ಕೆಂಪಿರುವೆ ಅದು. ಅದರ ಚಟ್ನಿಯೂ ಹೆಸರುವಾಸಿ. ಕಂದು ಮರಕುಟಿಗ ಚಗಳಿಯನ್ನೂ ತಿನ್ನುತ್ತದೆ. ಆದರೆ ಅದಕ್ಕೆ ಮನೆ ಕೊಡುವುದು ಇನ್ನೊಂದು ಗುಂಪು. ಕ್ರೆಮಟೋಗ್ಯಾಸ್ಟರ್ ಎಂಬ ಕುಲಕ್ಕೆ ಸೇರಿದ, ಕೆಲವೇ ಮಿಲಿಮೀಟರ್ ಉದ್ದದ ಇರುವೆಗಳು ಇವು.

ಇವುಗಳನ್ನು ಗುರುತಿಸುವುದು ಕಷ್ಟವಲ್ಲ. ಹೊಟ್ಟೆಯ ಭಾಗವನ್ನು ಮೇಲಿನಿಂದ ನೋಡಿದರೆ ಹೃದಯದ ಆಕಾರ. ಗೂಡನ್ನು ಕೆಣಕಿದಾಗ ಆ ಹೊಟ್ಟೆಯನ್ನು ಬೆನ್ನ ಮೇಲಿಂದ ತಲೆಯವರೆಗೂ ಎತ್ತಿ ಹಿಡಿಯುತ್ತವೆ. ತುದಿಯಲ್ಲಿ ವಿಷದ ಹನಿ ಇರುತ್ತದೆ. ಇವುಗಳ ಕೊಂಡಿ ಸೂಜಿಯಂತೆ ಚುಚ್ಚುವಂಥದ್ದಲ್ಲ, ತುದಿ ಚಪ್ಪಟೆ. ವಿಷವನ್ನು ಎದುರಾಳಿಯ ಮೈಮೇಲೆ ಸವರುವುದು ಇವುಗಳ ಪದ್ಧತಿ. ಜೊತೆಗೆ ದವಡೆಯಿಂದ ಕಚ್ಚುತ್ತವೆ. ಒಂದೊಂದು ಇರುವೆ ಸಣ್ಣದಾದರೂ ನೂರಾರು ಒಟ್ಟಿಗೆ ಮುಗಿಬಿದ್ದಾಗ ಮನುಷ್ಯನೂ ಮರದಿಂದ ಇಳಿದು ಅಂಗಿ ಕೊಡವಬೇಕಾಗುತ್ತದೆ.

ಗೂಡಿಗೆ ಬಳಸುವ ಸಾಮಗ್ರಿ ಮರದಿಂದಲೇ ಬರುತ್ತದೆ. ತೊಗಟೆ ಮತ್ತು ಸಸ್ಯದ ನಾರನ್ನು ಅಗಿದು, ಬಾಯಿಯ ರಸದಲ್ಲಿ ಕಲಸಿ, ಪದರ ಪದರವಾಗಿ ಹಚ್ಚುತ್ತವೆ. ಒಣಗಿದ ಮೇಲೆ ಅದು ರಟ್ಟಿನ ಹದಕ್ಕೆ ಬರುತ್ತದೆ. ಕೊಂಬೆಯ ಕವಲಿನಲ್ಲಿ ಶುರುವಾದ ಗೂಡು ಇರುವೆಗಳ ಸಂಖ್ಯೆ ಏರಿದಂತೆ ಉಬ್ಬುತ್ತ ಹೋಗಿ ಫುಟ್‌ಬಾಲಿನ ಗಾತ್ರಕ್ಕೂ ಬೆಳೆಯುತ್ತದೆ. ಒಡೆದು ನೋಡಿದರೆ ಒಳಗೆ ಸಣ್ಣ ಸಣ್ಣ ಕೋಣೆ, ಓಣಿಗಳ ಜಾಲ. ಅವುಗಳಲ್ಲಿ ಮೊಟ್ಟೆ, ಹುಳು, ಬಿಳಿ ಕೋಶಗಳು. ಮಳೆನೀರು ಸುಲಭಕ್ಕೆ ಇಳಿಯದ, ಮರಕ್ಕಿಂತ ಎಷ್ಟೋ ಮೆದುವಾದ ಈ ಗೂಡು ಗಿಡ್ಡ ಕೊಕ್ಕಿನ ಹಕ್ಕಿಗೆ ಸಿಕ್ಕರೆ ಇನ್ನೇನು ಬೇಕು?

ಊಟದ ಪರಿ

ಕಂದು ಮರಕುಟಿಗ ಸಾಮಾನ್ಯವಾಗಿ ಜೋಡಿಯಾಗಿ ತಿರುಗುತ್ತದೆ. ಮರದ ಮೇಲಿನ ಇರುವೆ ಗೂಡು, ಬಿದ್ದ ದಿಮ್ಮಿ, ನೆಲದ ಗೆದ್ದಲ ಹುತ್ತ, ಸೆಗಣಿಯ ಗುಡ್ಡೆ, ಎಲ್ಲಿ ಇರುವೆ ಗೆದ್ದಲುಗಳಿವೆಯೋ ಅಲ್ಲೆಲ್ಲ ಹಾಜರು. ಗೂಡಿನ ಗೋಡೆಗೆ ಏಟು ಹಾಕಿ, ಎದ್ದು ಬಂದ ಇರುವೆಗಳನ್ನು ನಾಲಿಗೆಯಿಂದ ಗುಡಿಸುತ್ತದೆ. ಒಳಗಿನ ಕೋಶಗಳು ಇನ್ನೂ ರುಚಿ.

ಬೇಸಿಗೆಯಲ್ಲಿ ಸಿಹಿಯೂ ಬೇಕಾಗುತ್ತದೆ. ಬೂರುಗ ಮತ್ತು ಹಾಲುವಾಣದ ಹೂಗಳು ಅರಳಿದಾಗ ಮಕರಂದಕ್ಕೆ ಬರುತ್ತದೆ. ಬಾಳೆ ಎಲೆಯ ದಂಟಿನ ಬುಡಕ್ಕೆ ಕೊಕ್ಕು ಹಾಕಿ ರಸ ಕುಡಿದದ್ದನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ. ಅತ್ತಿ, ಆಲದ ಜಾತಿಯ ಹಣ್ಣನ್ನೂ ತಿನ್ನುತ್ತದೆ. ಇವೆಲ್ಲ ನಂಚಿಕೊಳ್ಳಲು. ಮುಖ್ಯ ಊಟ ಇರುವೆಯೇ.

ಈ ಊಟದ ಗುರುತು ಹಕ್ಕಿಯ ಮೈಮೇಲೆ ಉಳಿಯುತ್ತದೆ. ಇರುವೆಗಳು ಸವರಿದ ಅಂಟು ತಲೆ, ಎದೆ ಮತ್ತು ಬಾಲದ ಗರಿಗಳಿಗೆ ಮೆತ್ತಿಕೊಂಡು ಕಪ್ಪಾಗುತ್ತದೆ; ಅದಕ್ಕೊಂದು ಘಾಟು ವಾಸನೆ. ಹಕ್ಕಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದ ಹಳಬರು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾರೆ. ಬಾಲದ ಗರಿಗಳ ಅಂಚಿನಲ್ಲಿ ಸತ್ತ ಇರುವೆಗಳೂ ಬರೀ ಇರುವೆ ತಲೆಗಳೂ ಅಂಟಿಕೊಂಡಿದ್ದವು. ಮೈ ಮುರಿದು ಬಿದ್ದರೂ ಗರಿಯನ್ನು ಕಚ್ಚಿದ ದವಡೆ ಸಡಿಲವಾಗಿರಲಿಲ್ಲ.

ಗೂಡಿನೊಳಗೊಂದು ಗೂಡು

ಮರಿ ಮಾಡುವ ಕಾಲ ಫೆಬ್ರುವರಿಯಿಂದ ಜೂನ್, ಎಂದರೆ ಮುಂಗಾರು ಹಿಡಿಯುವ ಮುಂಚಿನ ಒಣ ತಿಂಗಳುಗಳು. ಜೋಡಿ ಹಕ್ಕಿಗಳು ಇರುವೆಗಳು ವಾಸವಿರುವ ರಟ್ಟಿನ ಗೂಡೊಂದನ್ನು ಆರಿಸಿಕೊಳ್ಳುತ್ತವೆ. ಪಕ್ಕದಿಂದ ದುಂಡನೆಯ ತೂತು ಕೊರೆದು, ಒಳಗೆ ತಾವು ಕೂರುವಷ್ಟು ಪೊಳ್ಳು ಮಾಡುತ್ತವೆ. ಕೊರೆದಂತೆಲ್ಲ ಇರುವೆಗಳ ಓಣಿಗಳು ಒಡೆದು ತೆರೆದುಕೊಳ್ಳುತ್ತವೆ.

ಹಾಸಿಗೆಗೆ ಹುಲ್ಲು, ಹತ್ತಿ ಏನೂ ಬೇಕಿಲ್ಲ. ಹೆಣ್ಣು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಬಿಳಿ ಬಣ್ಣ, ಹೊಳಪಿಲ್ಲ. ಚಿಪ್ಪು ಎಷ್ಟು ತೆಳುವೆಂದರೆ ಬೆಳಕು ಒಳಗಿನಿಂದ ಹಾಯುತ್ತದೆ. ಕತ್ತಲ ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗೆ ಮರೆಮಾಚುವ ಬಣ್ಣದ ಅಗತ್ಯವಿಲ್ಲ, ಮರಕುಟಿಗಗಳೆಲ್ಲ ಬಿಳಿ ಮೊಟ್ಟೆಯವೇ. ಕಾವು ಕೊಡುವ ಅವಧಿ 12ರಿಂದ 14 ದಿನ. ಮರಿಗಳು ಹೊರಬಂದ ಮೇಲೆ ಗಂಡು ಹೆಣ್ಣು ಎರಡೂ ಗುಟುಕು ತರುತ್ತವೆ.

ಮರಿಗಳು ಕಣ್ಣು ಮುಚ್ಚಿಕೊಂಡು, ಗರಿಯಿಲ್ಲದ ಬೆತ್ತಲೆ ಮೈಯಲ್ಲಿ ಹುಟ್ಟುತ್ತವೆ. ಇರುವೆ ಮುತ್ತಿದ ಜಾಗದಲ್ಲಿ ಅಂಥ ಜೀವ ಒಂದು ದಿನ ಉಳಿಯುವುದೂ ಕಷ್ಟ ಎನ್ನಿಸುತ್ತದೆ. ಆದರೂ ಅವು ಅಲ್ಲೇ ಬೆಳೆಯುತ್ತವೆ. ಮರಿಯ ಮೈಮೇಲೆ ಹರಿದಾಡಿದ ಇರುವೆಗಳನ್ನೇ ಮರಿ ತಿಂದುಕೊಂಡಿತೆಂದು ಹಳೆಯ ವೀಕ್ಷಣೆಯೊಂದು ಹೇಳುತ್ತದೆ. ಇನ್ನೊಬ್ಬ ವೀಕ್ಷಕರು ಗೂಡಿನಿಂದ ಎಬ್ಬಿಸಿದ ಹಕ್ಕಿ ಜೋರಾಗಿ ಕಿರುಚುತ್ತ ನೆಲಕ್ಕೆ ಬಿದ್ದು, ರೆಕ್ಕೆ ಮುರಿದಂತೆ ಒದ್ದಾಡಿದ್ದನ್ನು ಬರೆದಿದ್ದಾರೆ. ಶತ್ರುವಿನ ಗಮನವನ್ನು ತನ್ನತ್ತ ಸೆಳೆದು ಮರಿಗಳಿಂದ ದೂರ ಒಯ್ಯುವ ಈ ನಾಟಕವನ್ನು ಟಿಟ್ಟಿಭದಂತೆ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಲ್ಲಿ ನೋಡಿ ನಮಗೆ ಅಭ್ಯಾಸ. ಮರದ ಹಕ್ಕಿಯಲ್ಲಿ ಅದು ಅಪರೂಪ.

ಕೀಟಗಳ ಕಟ್ಟಡದಲ್ಲಿ ಗೂಡು ಮಾಡುವ ಹಕ್ಕಿಗಳು ಬೇರೆಡೆಯೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೊಂಬಣ್ಣದ ಹೆಗಲಿನ ಗಿಳಿಯೊಂದು ಗೆದ್ದಲ ಹುತ್ತ ಕೊರೆದು ಮೊಟ್ಟೆಯಿಡುತ್ತದೆ. ಅಲ್ಲಿಯ ಮಿಂಚುಳ್ಳಿಗಳಲ್ಲೂ ಕೆಲವು ಹಾಗೆಯೇ. ಆದರೆ ಗೆದ್ದಲು ಸಾಧು ಪ್ರಾಣಿ, ತೂತಾದ ಕಡೆ ಗೋಡೆ ಮುಚ್ಚಿಕೊಂಡು ತನ್ನ ಪಾಡಿಗೆ ಇರುತ್ತದೆ. ಮುಗಿಬಿದ್ದು ಕಚ್ಚುವ ಇರುವೆಗಳ ನಡುವೆ, ಅದೂ ಅವುಗಳನ್ನೇ ತಿನ್ನುತ್ತ ಸಂಸಾರ ಮಾಡುವುದರಲ್ಲಿ ಕಂದು ಮರಕುಟಿಗದ ಹೆಚ್ಚುಗಾರಿಕೆ ಇದೆ.

ಲಾಭ ಯಾರಿಗೆ?

ಹಕ್ಕಿಗೆ ಸಿಗುವ ಲಾಭವನ್ನು ಊಹಿಸುವುದು ಸುಲಭ. ಉಷ್ಣವಲಯದ ಕಾಡುಗಳಲ್ಲಿ ಗೂಡಿನ ದೊಡ್ಡ ಶತ್ರುಗಳು ಹಾವು, ಅಳಿಲು, ಮರ ಹತ್ತುವ ಸಣ್ಣ ಬೇಟೆಗಾರರು. ಮೊಟ್ಟೆ, ಮರಿ ಅವುಗಳ ಬಾಯಿಗೆ ಹೋಗುವುದೇ ಹೆಚ್ಚು. ಸಾವಿರಾರು ಇರುವೆಗಳು ಕಾವಲಿರುವ ಗೂಡಿಗೆ ಬಾಯಿ ಹಾಕುವ ಧೈರ್ಯ ಇವುಗಳಲ್ಲಿ ಎಷ್ಟಕ್ಕಿದ್ದೀತು? ಗಟ್ಟಿಮರ ಕೊರೆಯುವ ಶ್ರಮ ಉಳಿಯುತ್ತದೆ. ಗೋಡೆಯೇ ಉಗ್ರಾಣ, ಊಟಕ್ಕೆ ದೂರ ಹೋಗಬೇಕಿಲ್ಲ.

ಇರುವೆಗಳ ಕಡೆಯಿಂದ ನೋಡಿದರೆ ಇದು ಬರೀ ನಷ್ಟ. ಮನೆ ಒಡೆಯಿತು, ಮಕ್ಕಳು ಮರಿ ಹೋದವು. ಹಾಗಿದ್ದೂ ಹಕ್ಕಿಯನ್ನು ಓಡಿಸಲು ಇರುವೆಗಳಿಗೆ ಆಗುವುದಿಲ್ಲ. ಅವುಗಳ ಆಯುಧದ ಮಿತಿ ಇಲ್ಲಿ ಕಾಣುತ್ತದೆ. ಮೈಮೇಲೆ ಸವರುವ ವಿಷ ಇನ್ನೊಂದು ಇರುವೆಗೋ ಹುಳಕ್ಕೋ ಮಾರಕವಾದೀತು, ದಟ್ಟ ಗರಿಯ ಹೊದಿಕೆಯನ್ನು ದಾಟಿ ಹಕ್ಕಿಯ ಚರ್ಮಕ್ಕೆ ತಲುಪುವುದು ಕಷ್ಟ.

ಇದರ ಜೊತೆಗೆ ವಾಸನೆಯ ಲೆಕ್ಕವೂ ಇದೆ. ಇರುವೆಗಳು ತಮ್ಮವರನ್ನು ಗುರುತಿಸುವುದು ಮೈವಾಸನೆಯಿಂದ. ಗೂಡಿನ ವಾಸನೆ ಇದ್ದರೆ ಒಳಗಿನವರು, ಇಲ್ಲದಿದ್ದರೆ ಹೊರಗಿನವರು. ಇರುವೆಯ ಅಂಟನ್ನೇ ಮೈಗೆ ಮೆತ್ತಿಕೊಂಡ ಹಕ್ಕಿ ಆ ಗೂಡಿನ ವಾಸನೆಯನ್ನೇ ಹೊತ್ತಿರುತ್ತದೆ. ಇರುವೆಗಳ ಸಿಟ್ಟನ್ನು ತಣಿಸುವುದು ಇದೇ ಇರಬಹುದೆಂಬುದು ಜೀವವಿಜ್ಞಾನಿಗಳ ಒಂದು ಊಹೆ. ಒಂದಂತೂ ಸ್ಪಷ್ಟ: ಹಕ್ಕಿ ಗೂಡನ್ನು ಪೂರ್ತಿ ಬರಿದು ಮಾಡಿಬಿಟ್ಟರೆ ಅದರ ಕಾವಲೂ ಹೋದಂತೆ. ತಿಂದೂ ಉಳಿಸಿಕೊಳ್ಳುವ ಇಕ್ಕಟ್ಟಿನಲ್ಲೇ ಅದರ ಸಂಸಾರ ಸಾಗಬೇಕು.

ನಿಂತುಹೋಗುವ ಇಂಜಿನ್

ಈ ಹಕ್ಕಿಯನ್ನು ಕಣ್ಣಿಗಿಂತ ಮೊದಲು ಕಿವಿ ಪತ್ತೆ ಮಾಡುತ್ತದೆ. ಮೂಗಿನಿಂದ ಹೊರಟಂಥ ಚೂಪು ದನಿಯಲ್ಲಿ ‘ಕೀಂಕ್-ಕೀಂಕ್-ಕೀಂಕ್’ ಎಂದು ಬೇಗಬೇಗ ಮೂರ್ನಾಲ್ಕು ಸಲ ಕೂಗುತ್ತದೆ.

ಅದಕ್ಕಿಂತ ಖಚಿತವಾದ ಗುರುತು ಅದರ ತಾಳ. ಮರಕುಟಿಗಗಳು ಹುಳ ಹುಡುಕಲು ಕುಟ್ಟುವುದು ಬೇರೆ, ತಾಳ ಬಾರಿಸುವುದು ಬೇರೆ. ಒಣಗಿದ, ಟೊಳ್ಳಾದ ಕೊಂಬೆಯ ಮೇಲೆ ಕೊಕ್ಕನ್ನು ರಭಸದಿಂದ ಆಡಿಸಿ ಸದ್ದು ಹೊರಡಿಸುವುದು ಬೇರೆ ಹಕ್ಕಿಗಳ ಹಾಡಿನಂತೆ. ಇದು ನನ್ನ ಜಾಗ ಎಂದು ಸಾರಲು, ಜೊತೆಗಾರ್ತಿಯನ್ನು ಕರೆಯಲು. ಪ್ರತಿ ಜಾತಿಗೂ ಅದರದೇ ಲಯ. ಕಂದು ಮರಕುಟಿಗ ಜೋರಾಗಿ ಶುರುಮಾಡಿ ಬರಬರುತ್ತ ನಿಧಾನವಾಗುತ್ತದೆ. ಪೆಟ್ರೋಲು ಮುಗಿದ ಬೈಕಿನ ಇಂಜಿನ್ ಬಡಬಡಿಸಿ, ತಡೆತಡೆದು, ಕೊನೆಗೆ ಒಂದೆರಡು ಸಲ ಕೆಮ್ಮಿ ನಿಂತಂತೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಡೆಹ್ರಾಡೂನಿನಿಂದ ಜಾವಾವರೆಗೆ

ಕಂದು ಮರಕುಟಿಗ ನಮ್ಮ ಘಟ್ಟಕ್ಕೆ ಮಾತ್ರ ಸೇರಿದ್ದಲ್ಲ. ಹಿಮಾಲಯದ ತಪ್ಪಲಿನುದ್ದಕ್ಕೂ ಉತ್ತರಾಖಂಡದಿಂದ ಈಶಾನ್ಯ ರಾಜ್ಯಗಳವರೆಗೆ, ಪಶ್ಚಿಮಘಟ್ಟದಲ್ಲಿ, ಶ್ರೀಲಂಕಾದಲ್ಲಿ, ಆಚೆ ಮ್ಯಾನ್ಮಾರ್, ಥಾಯ್ಲೆಂಡ್, ದಕ್ಷಿಣ ಚೀನಾ, ಮಲಯಾ, ಸುಮಾತ್ರಾ, ಬೋರ್ನಿಯೊ, ಜಾವಾವರೆಗೂ ಹರಡಿದೆ. ವಿಜ್ಞಾನ ಇದಕ್ಕೆ ಹೆಸರಿಟ್ಟದ್ದೂ ಜಾವಾದ ಮಾದರಿಯಿಂದ, 1818ರಲ್ಲಿ. ಪ್ರದೇಶದಿಂದ ಪ್ರದೇಶಕ್ಕೆ ಬಣ್ಣದ ಗಾಢತೆ, ಪಟ್ಟೆ ಬದಲಾಗುತ್ತವೆ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾದ ಉಪಪ್ರಭೇದಕ್ಕೆ 19ನೇ ಶತಮಾನದಲ್ಲಿ ಭಾರತದ ಪಕ್ಷಿಗಳ ಬಗ್ಗೆ ದೊಡ್ಡ ಗ್ರಂಥ ಬರೆದ ವೈದ್ಯ ಥಾಮಸ್ ಜೆರ್ಡನ್ ಅವರ ಹೆಸರಿದೆ.

ಇದರ ವಂಶಾವಳಿಯಲ್ಲೊಂದು ಸ್ವಾರಸ್ಯವಿದೆ. ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ಸಿಲಿಯಸ್ ಎಂಬ ಮರಕುಟಿಗ ಕುಲವಿದೆ. ಅವೂ ಕಂದು ಮೈಯವು, ಜುಟ್ಟಿನವು, ಇರುವೆ ಗೆದ್ದಲು ತಿನ್ನುವವು. ನೋಟ, ನಡತೆ ಎರಡೂ ಹೊಂದಿದ್ದರಿಂದ ನಮ್ಮ ಹಕ್ಕಿಯನ್ನೂ ಹಲವು ದಶಕ ಅದೇ ಕುಲಕ್ಕೆ ಸೇರಿಸಿದ್ದರು. ಅಮೆರಿಕದ ಕುಲದ ಒಂದೇ ಒಂದು ಹಕ್ಕಿ ಸಾಗರದಾಚೆ ಏಷ್ಯಾದಲ್ಲಿ ಉಳಿದದ್ದು ಹೇಗೆ ಎಂಬುದು ಒಗಟಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಡಿಎನ್‌ಎ ಹೋಲಿಕೆ ಮಾಡಿದಾಗ ಒಗಟು ಬಿಡಿಸಿಕೊಂಡಿತು. ಇದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದ ಪುಟ್ಟ ಮರಕುಟಿಗಗಳು. ಅಮೆರಿಕದವುಗಳ ಜೊತೆಗಿನ ಹೋಲಿಕೆ ರಕ್ತಸಂಬಂಧದಿಂದ ಬಂದದ್ದಲ್ಲ. ಒಂದೇ ಬಗೆಯ ಊಟ, ಒಂದೇ ಬಗೆಯ ಕಾಡು, ಒಂದೇ ಬಗೆಯ ಬದುಕು ಎರಡು ಖಂಡಗಳಲ್ಲಿ ಬೇರೆ ಬೇರೆಯಾಗಿ ಒಂದೇ ರೂಪವನ್ನು ತಿದ್ದಿದ್ದವು.

ವಾಸಕ್ಕೆ ದಟ್ಟ ಮಳೆಕಾಡೇ ಆಗಬೇಕೆಂದಿಲ್ಲ. ತೇವವಿರುವ ಎಲೆಯುದುರುವ ಕಾಡು, ಬಿದಿರು ಮೆಳೆ, ಕಡಿದ ಮೇಲೆ ಮತ್ತೆ ಬೆಳೆದ ಕಾಡು, ನೆರಳಿರುವ ತೋಟ, ಎಲ್ಲ ಆದೀತು. ನಮ್ಮಲ್ಲಿ ದಾಂಡೇಲಿಯಿಂದ ಹಿಡಿದು ಭದ್ರಾ, ನಾಗರಹೊಳೆ, ಕೊಡಗಿನವರೆಗೆ ಇದರ ನೆಲೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಪಾಯಕ್ಕೆ ಸಿಲುಕಿದ ಹಕ್ಕಿಯಲ್ಲ. ಆದರೆ ಎಲ್ಲೆಲ್ಲೂ ದಂಡಿಯಾಗಿ ಕಾಣುವ ಹಕ್ಕಿಯೂ ಅಲ್ಲ. ಇರುವೆ ಗೂಡು ಇರುವಲ್ಲಿ ಮಾತ್ರ ಇದು ಇರುತ್ತದೆ.

ಕಾಫಿಯ ನೆರಳಿನಲ್ಲಿ

ಇಲ್ಲಿಗೆ ಬಂದಾಗ ಹಕ್ಕಿಯ ಕತೆ ನಮ್ಮ ಕತೆಯೂ ಆಗುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಇಲ್ಲಿಯ ಕಾಫಿ ನೆರಳಿನ ಬೆಳೆ. ಅತ್ತಿ, ಗೋಣಿ, ಹಲಸು, ನಂದಿ, ಬೀಟೆ, ಹಾಲುವಾಣಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕಾಡು ತೋಟವಾದಾಗಲೂ ಮೇಲಿನ ಛತ್ರಿ ಸ್ವಲ್ಪಮಟ್ಟಿಗೆ ಉಳಿದುಕೊಂಡಿತು. ಅದರ ಜೊತೆ ಇರುವೆಯೂ ಮರಕುಟಿಗವೂ ಉಳಿದವು.

ಕೊಡಗಿಗೆ ತಾಗಿದ ಕೇರಳದ ವಯನಾಡಿನ ಕಾಫಿ ತೋಟಗಳಲ್ಲಿ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ನೆರಳಿನ ತೋಟಗಳಲ್ಲಿ ಕ್ರೆಮಟೋಗ್ಯಾಸ್ಟರ್ ಇರುವೆಗಳು ಕಂದು ಮರಕುಟಿಗಕ್ಕಷ್ಟೇ ಅಲ್ಲ, ಬೇರೆ ಕಾಡುಹಕ್ಕಿಗಳಿಗೂ ಮುಖ್ಯ ಆಹಾರ ಎಂದು ಅದು ತೋರಿಸಿತು. ಮರಕುಟಿಗ ಒಡೆದ ಗೂಡಿನಿಂದ ಚೆಲ್ಲುವ ಇರುವೆ, ಕೋಶಗಳು ತೋಟದ ಇತರ ಹಕ್ಕಿಗಳಿಗೂ ತಲುಪುತ್ತವೆ.

ಬೆಳೆಗಾರನ ದೃಷ್ಟಿಯಲ್ಲಿ ಈ ಇರುವೆ ಒಳ್ಳೆಯ ಅತಿಥಿಯಲ್ಲ. ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ, ಅವುಗಳ ಶತ್ರುಗಳನ್ನು ಓಡಿಸುತ್ತವೆ. ಕೊಯ್ಲಿಗೆ ಬಂದವರಿಗೆ ಕಚ್ಚುತ್ತವೆ. ಇರುವೆ ಗೂಡು ಕಂಡರೆ ಔಷಧಿ ಹೊಡೆಯುವುದು, ಕಿತ್ತು ಸುಡುವುದು ಹಾಗಾಗಿ ಸಾಮಾನ್ಯ. ಹಕ್ಕಿಯ ಮೇಲಿನ ಮೊದಲ ಒತ್ತಡ ಇದು. ಆ ಸಿಟ್ಟಿಗೆ ಕಾರಣವಿದೆ. ಆದರೆ ಎಷ್ಟೋ ಗೂಡುಗಳು ಕಾಫಿ ಗಿಡದಿಂದ ಬಹಳ ಮೇಲೆ, ದೊಡ್ಡ ಮರದ ನೆತ್ತಿಯಲ್ಲಿರುತ್ತವೆ. ಕೊಯ್ಲಿನವರ ಕೈಗೆ ಅವು ಎಟುಕುವುದಿಲ್ಲ. ಆ ಗೂಡುಗಳಿಗೆ ಮರಕುಟಿಗವೇ ಸಂಬಳವಿಲ್ಲದ ಕಾವಲುಗಾರ. ಇರುವೆಯ ಸಂಖ್ಯೆಯನ್ನು ಅದು ಅಷ್ಟಿಷ್ಟು ಕಡಿಮೆ ಮಾಡುತ್ತಲೇ ಇರುತ್ತದೆ.

ಎರಡನೆಯ ಒತ್ತಡ ನೆರಳಿನ ಮರ ಬದಲಾಗುತ್ತಿರುವುದು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಅನುಕೂಲ, ಕಡಿದು ಮಾರುವುದೂ ಸುಲಭ. ಹಲವು ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಅದೇ ಸಾಲುಸಾಲಾಗಿ ಬಂದಿದೆ. ಹತ್ತು ಜಾತಿಯ ಮರದ ತೋಟದಲ್ಲಿ ಒಂದು ಹೂ ಬಿಟ್ಟಾಗ ಇನ್ನೊಂದು ಹಣ್ಣು ಕೊಡುತ್ತದೆ, ಮತ್ತೊಂದರಲ್ಲಿ ಕವಲು, ಪೊಟರೆ, ಒಣಕೊಂಬೆ ಇರುತ್ತವೆ. ಒಂದೇ ಜಾತಿಯ ಕಂಬಗಳ ಸಾಲಿನಲ್ಲಿ ಆ ಸರದಿ ತಪ್ಪುತ್ತದೆ. ಅಗಲವಾದ ಕವಲಿಲ್ಲದ ಮರದಲ್ಲಿ ದೊಡ್ಡ ಗೂಡಿಗೆ ಆಧಾರವೂ ಕಡಿಮೆ.

ಮೂರನೆಯದು ಕಾಲದ ತಿಕ್ಕಾಟ. ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೆಳಕು ಬಿಡಲು ಮರಗಸಿ ಮಾಡುತ್ತಾರೆ. ಕೊಂಬೆ ಕಡಿಯುವಾಗ ಇರುವೆ ಗೂಡಿರುವ ಕೊಂಬೆಗೇ ಮೊದಲು ಕತ್ತಿ ಬೀಳುವುದು ಸಹಜ. ಅದೇ ಹೊತ್ತಿಗೆ ಆ ಗೂಡಿನೊಳಗೆ ಮರಿಗಳು ಇರುವ ಸಾಧ್ಯತೆಯೂ ಹೆಚ್ಚು.

ನೋಡುವವರಿಗೆ, ತೋಟದವರಿಗೆ

ಈ ಹಕ್ಕಿಯನ್ನು ನೋಡಬೇಕೆನ್ನುವವರು ಹಕ್ಕಿ ಹುಡುಕುವುದನ್ನು ಬಿಟ್ಟು ಗೂಡು ಹುಡುಕುವುದು ಜಾಣತನ. ಬೇಸಿಗೆಯಲ್ಲಿ, ಬೆಳಗಿನ ಹೊತ್ತು, ನೆರಳಿನ ಮರಗಳ ಕವಲನ್ನು ಒಂದೊಂದಾಗಿ ಬೈನಾಕ್ಯುಲರ್‌ನಿಂದ ನೋಡುತ್ತ ಹೋಗಿ. ರಟ್ಟಿನ ಗೂಡಿನ ಪಕ್ಕದಲ್ಲಿ ದುಂಡು ತೂತಿದ್ದರೆ ದೂರ ನಿಂತು ಅರ್ಧ ಗಂಟೆ ಕಾಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡ; ಗೂಡಿನ ಕಾಲದಲ್ಲಿ ಅದು ಹಕ್ಕಿಗೆ ಸುಮ್ಮನೆ ಹಿಂಸೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಕ್ಕಿಯನ್ನು ಹಿಡಿಯುವುದು, ಗೂಡು ಮೊಟ್ಟೆಗೆ ಕೈ ಹಾಕುವುದು ಅಪರಾಧ.

ತೋಟದವರು ಮಾಡಬಹುದಾದದ್ದಕ್ಕೆ ಖರ್ಚೇನೂ ಇಲ್ಲ. ಕಾಫಿ ಗಿಡದಲ್ಲಿ, ಓಡಾಡುವ ದಾರಿಯಲ್ಲಿ ಇರುವ ಇರುವೆ ಗೂಡನ್ನು ತೆಗೆಯುವುದಿದ್ದರೆ ತೆಗೆಯಲಿ. ಎತ್ತರದ ಮರದಲ್ಲಿರುವ ಗೂಡನ್ನು ಬಿಡಲಿ. ಮರಗಸಿಗೆ ಆಳು ಹತ್ತಿಸುವ ಮೊದಲು ಗೂಡಿನ ಪಕ್ಕದಲ್ಲಿ ತೂತಿದೆಯೇ ಎಂದು ಕೆಳಗಿನಿಂದ ಒಮ್ಮೆ ಕಣ್ಣು ಹಾಯಿಸಲಿ. ಇದ್ದರೆ ಆ ಒಂದು ಕೊಂಬೆಯ ಸರದಿ ಜೂನ್ ದಾಟಿದ ಮೇಲೆ ಬರಲಿ. ಸಿಲ್ವರ್ ಓಕ್ ನೆಡುವ ಗುಂಡಿಗಳಲ್ಲಿ ನಾಲ್ಕಾದರೂ ಅತ್ತಿಗೋ ಹಾಲುವಾಣಕ್ಕೋ ಸಿಗಲಿ. ಹುಲಿ ಆನೆಗಳನ್ನು ಉಳಿಸಲು ಸರ್ಕಾರದ ಯೋಜನೆ ಬೇಕು, ಕೋಟಿಗಟ್ಟಲೆ ಹಣ ಬೇಕು. ಕಂದು ಮರಕುಟಿಗ ಕೇಳುವುದು ಯಾರಿಗೂ ಬೇಡವಾದ ಒಂದು ಇರುವೆ ಗೂಡನ್ನು ಮಾತ್ರ.